ಗಾಳಿ ನೋಡಿ ಗಾಡಿ ತೆಗೆಯಿರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನನ್ನ ಮಕ್ಕಳೇ, ನಿಮ್ಮಲ್ಲಿ ಬಹಳ ಜನ ನಿಮ್ಮ ಮನೆತನಕ್ಕೇ ಮೊದಲ ಕಾರು ತಂದವರು. ಬಿಡದಿಯ ಕಾರ್ಖಾನೆಯಲ್ಲೋ ಬೆಂಗಳೂರಿನ ಕಂಪನಿಯಲ್ಲೋ ದುಡಿದು, ಬ್ಯಾಂಕಿನಲ್ಲಿ ಸಾಲ ಎತ್ತಿ, ತಿಂಗಳು ತಿಂಗಳು ಕಂತು ಕಟ್ಟಿ ಕಾರು ಮಾಡಿಕೊಂಡಿದ್ದೀರಿ. ತಂದ ದಿನ ಊರ ದೇವಸ್ಥಾನದ ಮುಂದೆ ನಿಲ್ಲಿಸಿ, ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ್ದೀರಿ. ನಿಮ್ಮ ಏಳಿಗೆ ನೋಡಿ ನನ್ನಂಥ ಹಿರಿಯರಿಗೆ ಮನಸ್ಸು ತುಂಬುತ್ತದೆ. ಆ ಸಂತೋಷದಿಂದಲೇ ಒಂದು ಮಾತು ಕೇಳುತ್ತೇನೆ. ಪೂಜೆಯ ದಿನ ಆದ ಮೇಲೆ ಮತ್ತೊಮ್ಮೆ ಆ ಚಕ್ರಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದ್ದೀರಾ?

ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಟೈರು ಬಿಚ್ಚುತ್ತಾ ಹಾಕುತ್ತಾ ತಲೆ ನೆರೆತವನು ನಾನು. ಅಂಗಡಿಗೆ ಬರುವ ಹುಡುಗರಾಗಲಿ ಹೆಣ್ಣುಮಕ್ಕಳಾಗಲಿ ಕೇಳುವ ಮೊದಲ ಪ್ರಶ್ನೆ ಒಂದೇ: "ಯಜಮಾನ್ರೇ, ಈ ಟೈರು ಎಷ್ಟು ಕಿಲೋಮೀಟರ್ ಬರುತ್ತೆ?" ನಮ್ಮ ರಸ್ತೆಗಳಲ್ಲಿ ಸಾಧಾರಣ ಕಾರಿನ ಟೈರು 40,000ದಿಂದ 60,000 ಕಿಲೋಮೀಟರ್ ಬರುತ್ತದೆ. ಆದರೆ ಅದೇ ಕಂಪನಿಯ, ಅದೇ ಸೈಜಿನ, ಒಂದೇ ದಿನ ಹಾಕಿಸಿಕೊಂಡ ಎರಡು ಸೆಟ್ಟುಗಳಲ್ಲಿ ಒಂದು 25,000ಕ್ಕೇ ಬೋಳಾಗಿ ಬರುವುದನ್ನೂ ಇನ್ನೊಂದು 60,000 ದಾಟಿಯೂ ಗಟ್ಟಿಯಾಗಿರುವುದನ್ನೂ ನೋಡುತ್ತಲೇ ಬಂದಿದ್ದೇನೆ. ವ್ಯತ್ಯಾಸ ಮಾಡಿದ್ದು ಗಾಳಿ, ವೇಗ, ಭಾರ, ರಸ್ತೆ ಮತ್ತು ಬ್ರೇಕಿನ ಮೇಲಿನ ಕಾಲು. ಹಾಗಾಗಿ ನಾನು ಹೇಳಬೇಕಾದದ್ದು ಇಷ್ಟೇ: ನಿಮ್ಮ ಟೈರನ್ನು ನೀವೇ ನೋಡಿ ತಿಳಿಯುವುದನ್ನು ಕಲಿಯಿರಿ. ಪಂಕ್ಚರ್ ಅಂಗಡಿಯವನಿಗೂ ಸರ್ವಿಸ್ ಸ್ಟೇಷನ್ನಿಗೂ ಅದನ್ನು ಪೂರ್ತಿ ಬಿಟ್ಟುಕೊಡಬೇಡಿ.

ಮೊದಲು ಒಂದು ಲೆಕ್ಕ ಮಾಡೋಣ. ಹೊಸ ಕಾರ್ ಟೈರಿನ ಮೇಲಿನ ಗೀರುಗಳ ಆಳ ಸುಮಾರು 7ರಿಂದ 8 ಮಿಲಿಮೀಟರ್. ಅದು 1.6 ಮಿಲಿಮೀಟರಿಗೆ ಇಳಿದರೆ ಆ ಟೈರು ರಸ್ತೆಗೆ ಇಳಿಯಬಾರದು ಎಂದು ನಮ್ಮ ದೇಶದ ಮೋಟಾರು ವಾಹನ ನಿಯಮ ಹೇಳುತ್ತದೆ. ಅಂದರೆ ನೀವು ದುಡ್ಡು ಕೊಟ್ಟು ಕೊಳ್ಳುವುದು ಹೆಚ್ಚೆಂದರೆ ಆರು ಚಿಲ್ಲರೆ ಮಿಲಿಮೀಟರ್ ರಬ್ಬರು. 50,000 ಕಿಲೋಮೀಟರ್ ಬರಬೇಕಾದರೆ ಸಾವಿರ ಕಿಲೋಮೀಟರಿಗೆ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಮಾತ್ರ ಸವೆಯಬೇಕು. ರಾಮನಗರದಿಂದ ಬೆಂಗಳೂರಿಗೆ ದಿನಾ ಹೋಗಿಬರುವವರು ದಿನಕ್ಕೆ ಸುಮಾರು 100 ಕಿಲೋಮೀಟರ್, ವರ್ಷಕ್ಕೆ 30,000ದ ಹತ್ತಿರ ಓಡಿಸುತ್ತಾರೆ. ಅವರ ಟೈರು ಎರಡು ವರ್ಷಕ್ಕೆಲ್ಲ ಸವೆದು ಮುಗಿಯುತ್ತದೆ. ಚನ್ನಪಟ್ಟಣದಲ್ಲಿ ಕಾರು ಇಟ್ಟುಕೊಂಡು ಹಬ್ಬಕ್ಕೆ, ಮದುವೆಗೆ, ಆಸ್ಪತ್ರೆಗೆ ಮಾತ್ರ ತೆಗೆಯುವ ಮನೆಯವರು ವರ್ಷಕ್ಕೆ 4,000 ಓಡಿಸಿದರೆ ಹೆಚ್ಚು. ಅವರ ಟೈರಿನ ಗೀರು ಹತ್ತು ವರ್ಷವಾದರೂ ಉಳಿದಿರುತ್ತದೆ, ಆದರೆ ರಬ್ಬರಿಗೆ ಅಷ್ಟರಲ್ಲಿ ಮುಪ್ಪು ಬಂದಿರುತ್ತದೆ. ಆದ್ದರಿಂದ ಟೈರಿಗೆ ಎರಡು ಆಯುಷ್ಯ ಎಂದು ತಿಳಿಯಿರಿ, ಒಂದು ಕಿಲೋಮೀಟರಿನದು, ಇನ್ನೊಂದು ವರ್ಷದ್ದು. ಯಾವುದು ಮೊದಲು ಮುಗಿಯುತ್ತದೋ ಅವತ್ತಿಗೆ ಆ ಟೈರಿನ ಕೆಲಸ ಮುಗಿಯಿತು.

ಇನ್ನು ಗಾಳಿಯ ಮಾತು. ಕಾರಿನ ಭಾರ ಹೊರುವುದು ರಬ್ಬರಲ್ಲ, ಒಳಗಿರುವ ಗಾಳಿ. ಒಂದೊಂದು ಟೈರೂ ನೆಲ ಮುಟ್ಟುವ ಜಾಗ ನಿಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಗಾಳಿ ಸರಿ ಇದ್ದರೆ ಆ ಜಾಗದ ಮೇಲೆ ಭಾರ ಸಮನಾಗಿ ಹಂಚುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ನಡುಭಾಗ ಒಳಕ್ಕೆ ಸೆಳೆದುಕೊಂಡು ಎರಡೂ ಅಂಚುಗಳು ಭಾರ ಹೊತ್ತು ಬೇಗ ಸವೆಯುತ್ತವೆ. ಗಾಳಿ ಜಾಸ್ತಿಯಾದರೆ ನಡು ಉಬ್ಬಿ, ನಡುವಿನ ಪಟ್ಟಿಯೇ ಸವೆಯುತ್ತದೆ. ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕು ಎನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರಿನ ಮೇಲೆ ಬರೆದಿರುತ್ತದೆ. ಇಬ್ಬರು ಕೂತಾಗ ಎಷ್ಟು, ತುಂಬಾ ಜನ ಕೂತು ಸಾಮಾನು ಹೇರಿದಾಗ ಎಷ್ಟು ಎಂದು ಬೇರೆ ಬೇರೆ ಇರುತ್ತದೆ. ಟೈರಿನ ಮೈಮೇಲೆ ಬರೆದಿರುವ ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಳತೆ, ಆ ಟೈರು ತಡೆಯಬಲ್ಲ ಗರಿಷ್ಠ ಮಿತಿ. ಅದನ್ನು ನೋಡಿ ಗಾಳಿ ಹೊಡೆಸಬೇಡಿ.

ನಮ್ಮ ಕಡೆ ಒಂದು ತಪ್ಪು ನಂಬಿಕೆ ಬೇರೂರಿದೆ. ಬೇಸಿಗೆ ಬಂತು, ಟೈರು ಬಿಸಿಯಾಗಿ ಸಿಡಿಯುತ್ತದೆ, ನಾಲ್ಕೈದು ಪಿಎಸ್‌ಐ ಕಡಿಮೆ ಇಟ್ಟುಕೊಳ್ಳಿ ಎಂದು ಹೇಳುವವರು ಈಗಲೂ ಇದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಟೈರು ಉರುಳುವಾಗ ನೆಲ ಮುಟ್ಟುವ ಭಾಗ ಪ್ರತಿ ಸುತ್ತಿಗೂ ಒಮ್ಮೆ ಮಡಿಚಿ ಬಿಚ್ಚಿಕೊಳ್ಳುತ್ತದೆ. ಆ ಮಡಿಕೆಯಿಂದ ರಬ್ಬರಿನೊಳಗೆ ಶಾಖ ಹುಟ್ಟುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಮಡಿಕೆ ಹೆಚ್ಚು, ಮಡಿಕೆ ಹೆಚ್ಚಿದಷ್ಟೂ ಶಾಖ ಹೆಚ್ಚು. ಆ ಶಾಖಕ್ಕೆ ಒಳಗಿನ ಸ್ಟೀಲ್ ಬೆಲ್ಟಿನಿಂದ ರಬ್ಬರು ಬಿಟ್ಟುಕೊಂಡು ಟೈರು ಸಿಡಿಯುತ್ತದೆ. ಬೇಸಿಗೆಯಲ್ಲಿ ಸಿಡಿಯುವ ಟೈರುಗಳಲ್ಲಿ ಗಾಳಿ ಕಡಿಮೆಯಾಗಿ ಒಳಗೊಳಗೇ ಬೆಂದವೇ ಬಹಳ. ಬಿಸಿಗೆ ಗಾಳಿ ಏರುತ್ತದೆ, ನಿಜ. ಹತ್ತು ಡಿಗ್ರಿ ಉಷ್ಣಾಂಶಕ್ಕೆ ಸುಮಾರು ಒಂದೂವರೆ ಪಿಎಸ್‌ಐ ಏರಬಹುದು. ಕಂಪನಿ ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ತಣ್ಣನೆಯ ಟೈರಿಗೆ ಇಷ್ಟು ಎಂದು ಬರೆದಿರುತ್ತದೆ. ಆದ್ದರಿಂದ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಗಾಳಿ ನೋಡಿ. ದೂರ ಓಡಿಸಿ ಬಂದು, ಬಿಸಿ ಟೈರಿನಲ್ಲಿ ಜಾಸ್ತಿ ತೋರಿಸುತ್ತಿದೆ ಎಂದು ಗಾಳಿ ಬಿಡಬೇಡಿ.

ಪಂಕ್ಚರ್ ಇಲ್ಲದಿದ್ದರೂ ಟೈರಿನಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿಯೇ ಹೋಗುತ್ತದೆ. ಮೂರು ತಿಂಗಳು ನೋಡದೆ ಬಿಟ್ಟರೆ 33 ಇದ್ದದ್ದು 28ಕ್ಕೆ ಬಂದಿರಬಹುದು. ಈಗಿನ ರೇಡಿಯಲ್ ಟೈರುಗಳ ಪಕ್ಕ ಸರಿಯಾದ ಗಾಳಿಯಲ್ಲೂ ಸ್ವಲ್ಪ ಉಬ್ಬಿಕೊಂಡೇ ಇರುವುದರಿಂದ ಬರೀ ಕಣ್ಣಿಗೆ ಈ ಕೊರತೆ ಗೊತ್ತಾಗುವುದಿಲ್ಲ. ಕಾಲಿನಲ್ಲಿ ಒದ್ದು ನೋಡಿದರಂತೂ ಏನೂ ತಿಳಿಯುವುದಿಲ್ಲ. ಗಾಳಿ ಅಳೆಯುವ ಒಂದು ಗೇಜು ತೆಗೆದುಕೊಳ್ಳಿ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಸಣ್ಣ ಕಂಪ್ರೆಸರ್ ಇದ್ದರೆ ಇನ್ನೂ ಒಳ್ಳೆಯದು. ನೈಟ್ರೋಜನ್ ಹಾಕಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಹಾಕಿಸಿದರೆ ಕೆಟ್ಟದ್ದೇನೂ ಇಲ್ಲ. ಆದರೆ ನೈಟ್ರೋಜನ್ ಹಾಕಿಸಿ ಆರು ತಿಂಗಳು ಮರೆತವನಿಗಿಂತ ಸಾಮಾನ್ಯ ಗಾಳಿ ಹಾಕಿಸಿ ಹದಿನೈದು ದಿನಕ್ಕೊಮ್ಮೆ ನೋಡುವವನ ಟೈರು ಹೆಚ್ಚು ಬಾಳುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ಮರೆಯಬೇಡಿ. ಬೇಕಾದ ಹೊತ್ತಿನಲ್ಲಿ ಗಾಳಿಯಿಲ್ಲದ ಸ್ಟೆಪ್ನಿ ಡಿಕ್ಕಿಗೆ ಭಾರ ಮಾತ್ರ.

ನಮ್ಮ ನಾಲ್ಕು ತಾಲ್ಲೂಕಿನ ರಸ್ತೆಗಳು ಟೈರನ್ನು ನಾಲ್ಕು ಬಗೆಯಲ್ಲಿ ಪರೀಕ್ಷೆ ಮಾಡುತ್ತವೆ. ಅದನ್ನು ತಿಳಿದರೆ ಎಲ್ಲಿ ಯಾವ ಎಚ್ಚರ ಬೇಕು ಎನ್ನುವುದು ತಾನೇ ಗೊತ್ತಾಗುತ್ತದೆ.

ಮೊದಲನೆಯದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್ 12ರಂದು ಪ್ರಧಾನಿಯವರು ಉದ್ಘಾಟಿಸಿದ, ಸುಮಾರು 118 ಕಿಲೋಮೀಟರಿನ ಈ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿಸುತ್ತದೆ. ಹಳೆಯ ರಸ್ತೆಯಲ್ಲಿ ಊರು ಊರಿಗೂ ನಿಧಾನ ಮಾಡಲೇಬೇಕಿತ್ತು, ಟೈರಿಗೆ ಆರಲು ಸಮಯ ಸಿಗುತ್ತಿತ್ತು. ಈಗ ಕೆಂಗೇರಿಯ ಆಚೆ ಹತ್ತಿದರೆ ಒಂದೇ ಓಟ. 185/65 ಆರ್ 15 ಎಂಬ ಸಾಧಾರಣ ಸೈಜಿನ ಟೈರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 14 ಸಲ ಸುತ್ತುತ್ತದೆ. ಮೈಸೂರು ತಲುಪುವಷ್ಟರಲ್ಲಿ ಸುಮಾರು 60,000 ಸಲ ಮಡಿಚಿ ಬಿಚ್ಚಿಕೊಂಡಿರುತ್ತದೆ. ಊರಿನೊಳಗೆ ತಿಂಗಳುಗಟ್ಟಲೆ ಸುಮ್ಮನಿದ್ದ ದೋಷ ಇಲ್ಲಿ ಅರ್ಧ ಗಂಟೆಯಲ್ಲಿ ಹೊರಬೀಳುವುದು ಇದರಿಂದಲೇ. ಗಾಳಿ ಐದು ಪಿಎಸ್‌ಐ ಕಡಿಮೆ ಇದ್ದರೂ ಪೇಟೆ ಬೀದಿಯಲ್ಲಿ ಏನೂ ಆಗುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಅದೇ ಕೊರತೆ ಪ್ರಾಣಕ್ಕೆ ಬರಬಹುದು. ಅಲ್ಲಿನ ಮಿತಿ ಗಂಟೆಗೆ 100 ಕಿಲೋಮೀಟರ್. ರಸ್ತೆ ಖಾಲಿ ಇದೆ ಎಂದು 130, 140ಕ್ಕೆ ಹೋಗಬೇಡಿ. 130 ದಾಟಿದವರ ಮೇಲೆ 2024ರ ಆಗಸ್ಟ್‌ನಿಂದ ನಮ್ಮ ರಾಜ್ಯದಲ್ಲಿ ಎಫ್‌ಐಆರ್ ಹಾಕುತ್ತಿದ್ದಾರೆ. ಕಾನೂನಿನ ಭಯ ಒಂದು ಕಡೆ ಇರಲಿ, ವೇಗ ಏರಿದಷ್ಟೂ ಶಾಖ ಏರುತ್ತದೆ, ಶಾಖ ಏರಿದಷ್ಟೂ ರಬ್ಬರು ಬೇಗ ಕರಗುತ್ತದೆ. ಒಂದೇ ಹದದಲ್ಲಿ 90ರಲ್ಲಿ ಹೋಗುವವರ ಟೈರು, ಓಡಿಸಿ ಬ್ರೇಕ್ ಹಾಕಿ ಮತ್ತೆ ಓಡಿಸುವವರ ಟೈರಿಗಿಂತ ಎಷ್ಟೋ ಸಾವಿರ ಕಿಲೋಮೀಟರ್ ಹೆಚ್ಚು ಬರುತ್ತದೆ.

ಎರಡನೆಯದು ಕನಕಪುರದ ಕಡೆಯ ತಿರುವು ದಾರಿಗಳು. ಸಂಗಮಕ್ಕೆ, ಮೇಕೆದಾಟಿಗೆ, ಚುಂಚಿ ಜಲಪಾತಕ್ಕೆ ರಜೆ ದಿನ ಗೆಳೆಯರನ್ನು ತುಂಬಿಕೊಂಡು ಹೋಗುತ್ತೀರಿ. ಇಳಿಜಾರು, ತಿರುವುಗಳಲ್ಲಿ ಕಾರಿನ ಭಾರವೆಲ್ಲ ಮುಂದಿನ ಹೊರಗಡೆ ಚಕ್ರದ ಅಂಚಿನ ಮೇಲೆ ಬೀಳುತ್ತದೆ. ವೇಗವಾಗಿ ತಿರುಗಿಸಿದಾಗ ಕೇಳುವ ಕೀಚಲು ಸದ್ದು ರಬ್ಬರು ರಸ್ತೆಗೆ ಉಜ್ಜಿ ಹೋಗುತ್ತಿರುವ ಸದ್ದು. ಈಗಿನ ಬಹುಪಾಲು ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದೂ ಮುಂದಿನ ಚಕ್ರವನ್ನೇ, ಸ್ಟೇರಿಂಗ್ ತಿರುಗಿಸುವುದೂ ಅದನ್ನೇ, ಬ್ರೇಕಿನ ಹೆಚ್ಚು ಭಾರ ಬೀಳುವುದೂ ಅದಕ್ಕೇ. ಅದಕ್ಕಾಗಿ ಮುಂದಿನ ಎರಡು ಟೈರು ಹಿಂದಿನವಕ್ಕಿಂತ ಬೇಗ ಸವೆಯುತ್ತವೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಇಳಿಜಾರಿನಲ್ಲಿ ಗೇರಿನಲ್ಲೇ ಹಿಡಿದುಕೊಂಡು ಇಳಿಯಿರಿ. ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಾಯಿಸಿ. ಆಗ ನಾಲ್ಕೂ ಸಮನಾಗಿ ಸವೆದು ಒಟ್ಟಿಗೆ ಬಾಳುತ್ತವೆ. ಒಂದೇ ದಿಕ್ಕಿಗೆ ತಿರುಗಬೇಕಾದ, ಪಕ್ಕದಲ್ಲಿ ಬಾಣದ ಗುರುತಿರುವ ಟೈರಾದರೆ ಎಡಗಡೆಯದು ಎಡಗಡೆಯಲ್ಲೇ ಹಿಂದೆ ಮುಂದೆ ಆಗಬೇಕು.

ಮೂರನೆಯದು ಮಾಗಡಿ, ಕನಕಪುರ ತಾಲ್ಲೂಕುಗಳ ಕ್ವಾರಿ, ಕ್ರಷರ್‌ಗಳ ಸುತ್ತಲಿನ ರಸ್ತೆ. ನಮ್ಮ ನೆಲ ಬಂಡೆಯ ನೆಲ. ಸಾವನದುರ್ಗ, ರಾಮದೇವರ ಬೆಟ್ಟಗಳನ್ನು ನೋಡಿದರೇ ಗೊತ್ತಾಗುತ್ತದೆ. ಆ ಬಂಡೆ ಒಡೆದು ಜಲ್ಲಿ ಸಾಗಿಸುವ ಲಾರಿಗಳಿಂದ ಉದುರಿದ ಚೂಪುಕಲ್ಲು ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ. ಎದುರಿಂದ ಲಾರಿ ಬಂದಾಗ ಡಾಂಬರಿನಿಂದ ಮಣ್ಣಿಗೆ ಇಳಿಸಿ ಮತ್ತೆ ಹತ್ತಿಸುತ್ತೀರಲ್ಲ, ಆ ಅಂಚಿನಲ್ಲಿ ಟೈರಿನ ಪಕ್ಕಭಾಗ ಕೊಯ್ದುಹೋಗುತ್ತದೆ. ಟೈರಿನ ಮೇಲ್ಭಾಗದಲ್ಲಿ ಮೊಳೆ ಚುಚ್ಚಿದರೆ ಪ್ಯಾಚ್ ಹಾಕಿ ಸರಿಮಾಡಬಹುದು. ಪಕ್ಕಭಾಗ ಕೊಯ್ದರೆ ಅದಕ್ಕೆ ರಿಪೇರಿ ಇಲ್ಲ. ಗುಂಡಿಗೆ ಜೋರಾಗಿ ಬಿದ್ದ ಮೇಲೆ ಪಕ್ಕದಲ್ಲಿ ಬೋರೆಹಣ್ಣಿನಷ್ಟು ಉಬ್ಬು ಕಂಡರೆ ಒಳಗಿನ ದಾರಗಳು ಕಿತ್ತುಹೋಗಿವೆ ಎಂದೇ ಅರ್ಥ. ಆ ಟೈರಿನಲ್ಲಿ ಗೀರು ಎಷ್ಟೇ ಆಳವಿರಲಿ, ಹೊಸದೇ ಇರಲಿ, ತಕ್ಷಣ ಬಿಚ್ಚಿಸಿ. ವಾರಕ್ಕೊಮ್ಮೆ ಗೀರುಗಳ ನಡುವೆ ಸಿಕ್ಕಿರುವ ಜಲ್ಲಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತೆಗೆಯಿರಿ. ಮೊಳೆ ಚುಚ್ಚಿದ್ದು ಕಂಡರೆ ಮಾತ್ರ ನೀವೇ ಕೀಳದೆ ಪಂಕ್ಚರ್ ಅಂಗಡಿಗೆ ಹೋಗಿ. ಟ್ಯೂಬ್‌ಲೆಸ್ ಟೈರಾದರೆ ಮೊಳೆ ಇರುವವರೆಗೆ ಗಾಳಿ ಬಹಳ ನಿಧಾನವಾಗಿ ಹೋಗುತ್ತದೆ.

ನಾಲ್ಕನೆಯದು ಊರೊಳಗಿನ ರಸ್ತೆ. ಇಲ್ಲಿ ವೇಗವಿಲ್ಲ, ಆದರೆ ಹಂಪು, ಗುಂಡಿ, ಕಲ್ಲುಚಪ್ಪಡಿಯ ಅಂಚು ಎಲ್ಲ ಇವೆ. ಹಂಪಿನ ಮೇಲೆ ಒಂದು ಚಕ್ರ ಮಾತ್ರ ಹತ್ತಿಸಿ ದಾಟುವುದು, ಫುಟ್‌ಪಾತಿನ ಅಂಚಿಗೆ ಚಕ್ರ ಉಜ್ಜಿ ನಿಲ್ಲಿಸುವುದು, ನಿಂತ ಗಾಡಿಯಲ್ಲೇ ಸ್ಟೇರಿಂಗನ್ನು ಪೂರ್ತಿ ತಿರುಗಿಸುವುದು, ಇವೆಲ್ಲ ಚಕ್ರಗಳ ನೇರ ಕೆಡಿಸುತ್ತವೆ, ರಬ್ಬರನ್ನೂ ತಿನ್ನುತ್ತವೆ. ಚಕ್ರಗಳು ರಸ್ತೆಗೆ ನೇರವಾಗಿಲ್ಲದೆ ಸ್ವಲ್ಪ ಒಳಕ್ಕೋ ಹೊರಕ್ಕೋ ನೋಡುತ್ತಿದ್ದರೆ ಟೈರು ಉರುಳುತ್ತಲೇ ಅಡ್ಡಕ್ಕೂ ಎಳೆದುಕೊಂಡು ಹೋಗುತ್ತದೆ. ಅಲೈನ್‌ಮೆಂಟ್ ಮಾಡಿಸುವುದು ಇದನ್ನು ಸರಿಪಡಿಸಲು. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ, ಅಥವಾ ದೊಡ್ಡ ಗುಂಡಿಗೆ ಬಿದ್ದ ಮೇಲೆ, ಅಥವಾ ನೇರ ರಸ್ತೆಯಲ್ಲಿ ಕೈ ಸಡಿಲ ಬಿಟ್ಟಾಗ ಕಾರು ಒಂದು ಕಡೆಗೆ ಎಳೆದರೆ ಮಾಡಿಸಿ. ಎಂಬತ್ತು ದಾಟುತ್ತಿದ್ದಂತೆ ಸ್ಟೇರಿಂಗ್ ನಡುಗಿದರೆ ಅದು ಬ್ಯಾಲೆನ್ಸಿಂಗಿನ ಕೊರತೆ. ರಿಮ್ಮಿಗೆ ಅಂಟಿಸುವ ಸಣ್ಣ ಸಣ್ಣ ತೂಕಗಳು ಬಿದ್ದುಹೋಗಿರಬಹುದು, ರಿಮ್ಮೇ ಬೆಂಡಾಗಿರಬಹುದು.

ಈಗ ಟೈರನ್ನು ಓದುವುದು ಹೇಗೆ ಎಂದು ಹೇಳುತ್ತೇನೆ, ಇದನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎರಡೂ ಅಂಚು ಸವೆದು ನಡು ಗಟ್ಟಿಯಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಸವೆದಿದ್ದರೆ ಗಾಳಿ ಜಾಸ್ತಿ ಇಟ್ಟಿದ್ದೀರಿ. ಒಳಗಡೆಯ ಅಂಚು ಮಾತ್ರ ಅಥವಾ ಹೊರಗಡೆಯದು ಮಾತ್ರ ಹೋಗಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಅಡ್ಡಕ್ಕೆ ಅಂಗೈ ಆಡಿಸಿದಾಗ ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ತರಚು ತರಚು ಸಿಕ್ಕರೂ ಅದೇ ದೋಷ. ಅಲ್ಲಲ್ಲಿ ತಟ್ಟೆಯಾಕಾರದಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ಇಲ್ಲ. ಒಂದೇ ಜಾಗದಲ್ಲಿ ಚಪ್ಪಟೆಯಾಗಿ ಉಜ್ಜಿಹೋಗಿದ್ದರೆ ಚಕ್ರ ನಿಂತುಬಿಡುವಂತೆ ಬ್ರೇಕ್ ತುಳಿದಿದ್ದೀರಿ. ಒಳಗಡೆಯ ಅಂಚು ನಿಂತುಕೊಂಡರೆ ಕಾಣುವುದಿಲ್ಲ. ಸ್ಟೇರಿಂಗನ್ನು ಒಂದು ಕಡೆಗೆ ತಿರುಗಿಸಿ, ಬಗ್ಗಿ ನೋಡಬೇಕು. ಹೊರಗೆ ಹೊಸದರಂತೆ ಹೊಳೆಯುತ್ತಾ ಒಳಗೆ ದಾರ ಕಾಣುವಷ್ಟು ಸವೆದ ಟೈರುಗಳನ್ನು ಬಿಚ್ಚಿ ತೋರಿಸಿದಾಗ ಹುಡುಗರ ಮುಖ ಬಿಳಿಚಿಕೊಳ್ಳುವುದನ್ನು ಕಂಡಿದ್ದೇನೆ.

ಗೀರುಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಟೈರಿನ ಅಂಚಿನಲ್ಲಿ ಟಿಡಬ್ಲ್ಯುಐ ಎಂದೋ ಪುಟ್ಟ ತ್ರಿಕೋನವೋ ಇರುತ್ತದೆ. ಮೇಲಿನ ರಬ್ಬರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಆಯಿತು, ಕಾನೂನಿನ ಪ್ರಕಾರ ಟೈರು ಮುಗಿಯಿತು. ಆದರೆ ನನ್ನ ಮಾತು ಕೇಳುವುದಾದರೆ ಅಲ್ಲಿಯವರೆಗೆ ಕಾಯಬೇಡಿ, 3 ಮಿಲಿಮೀಟರಿಗೆ ಬಂದಾಗಲೇ ಬದಲಾಯಿಸಿ. ಆ ಗೀರುಗಳಿರುವುದು ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ. ಗೀರು ಆಳವಿಲ್ಲದಿದ್ದರೆ ವೇಗದಲ್ಲಿ ಹೋಗುವಾಗ ನೀರು ಟೈರಿನ ಕೆಳಗೇ ಉಳಿದು, ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೇರಿಂಗೂ ಕೆಲಸ ಮಾಡುವುದಿಲ್ಲ, ಬ್ರೇಕೂ ಕೆಲಸ ಮಾಡುವುದಿಲ್ಲ. ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ವಾರ ತುಂಬುವ ಮುಂಚೆಯೇ ಬಿದ್ದ ಮಳೆಗೆ ರಾಮನಗರದ ಬಳಿ ರಸ್ತೆಯ ಮೇಲೆ ನೀರು ನಿಂತು ಗಾಡಿಗಳು ಸಿಕ್ಕಿಹಾಕಿಕೊಂಡದ್ದು ನಿಮಗೆ ನೆನಪಿರಬಹುದು. ಅದಕ್ಕೂ ಮುಂಚೆ 2022ರ ಆಗಸ್ಟ್ ಕೊನೆಯ ಮಳೆಯಲ್ಲೂ ಹಾಗೇ ಆಗಿತ್ತು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಜೋರು. ಆದ್ದರಿಂದ ಗೌರಿ ಹಬ್ಬಕ್ಕೆ ಮುಂಚೆ ಟೈರಿನ ಆಳ ನೋಡಿಸುವ ಪದ್ಧತಿ ಇಟ್ಟುಕೊಳ್ಳಿ.

ದುಡ್ಡು ಸಾಲದೆ ಎರಡೇ ಹೊಸ ಟೈರು ಹಾಕಿಸುವ ಪರಿಸ್ಥಿತಿ ಬಂದರೆ ಅವನ್ನು ಹಿಂದಿನ ಚಕ್ರಕ್ಕೆ ಹಾಕಿಸಿ. ಮುಂದೆ ಹಾಕಬೇಕು ಎಂದು ಬಹಳ ಜನ ವಾದ ಮಾಡುತ್ತಾರೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಹಿಡಿತಕ್ಕೆ ತರಬಹುದು, ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಅದನ್ನು ಹಿಡಿಯುವುದು ನುರಿತವರಿಗೂ ಕಷ್ಟ.

ವರ್ಷದ ಆಯುಷ್ಯ ಎಂದೆನಲ್ಲ, ಅದನ್ನು ತಿಳಿಯುವುದೂ ಸುಲಭ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಟೈರಿನಲ್ಲಿ ರಬ್ಬರ್ ಮರದ ಹಾಲಿನಿಂದ ಬಂದ ರಬ್ಬರು, ಕಾರ್ಖಾನೆಯ ಕೃತಕ ರಬ್ಬರು, ಗಂಧಕ, ಕಪ್ಪು ಬಣ್ಣವನ್ನೂ ಗಟ್ಟಿತನವನ್ನೂ ಕೊಡುವ ಕಾರ್ಬನ್ ಬ್ಲ್ಯಾಕ್, ಸ್ಟೀಲ್ ತಂತಿ, ಬಟ್ಟೆಯ ದಾರ ಎಲ್ಲ ಸೇರಿರುತ್ತವೆ. ಬಿಸಿಲು, ಶಾಖ, ಗಾಳಿಯಲ್ಲಿನ ಓಜೋನ್ ಸೇರಿ ಆ ರಬ್ಬರಿನ ಮಿದುತನವನ್ನು ಕಳೆಯುತ್ತವೆ. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣತೊಡಗುತ್ತವೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷ ತುಂಬಿದರೆ ಗೀರು ಎಷ್ಟೇ ಇರಲಿ ತೆಗೆದುಹಾಕಿ ಎಂಬುದು ಮಿಶೆಲಿನ್‌ನಂಥ ಕಂಪನಿಯೇ ಕೊಡುವ ಸಲಹೆ. ಬಯಲಿನಲ್ಲಿ ಬಿಸಿಲಿಗೆ ನಿಲ್ಲುವ ಕಾರಾದರೆ ನಾನು ಆರೇಳು ವರ್ಷಕ್ಕೇ ಬದಲಾಯಿಸಿ ಎನ್ನುತ್ತೇನೆ. ಹೆಚ್ಚು ಓಡಿಸದವರು ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ನಾಲ್ಕು ಮೈಲಿ ಓಡಿಸಿ. ನಿಂತಲ್ಲೇ ನಿಂತ ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ.

ಭಾರದ ವಿಷಯದಲ್ಲೂ ಒಂದು ಮಾತು. ಟೈರಿನ ಮೇಲೆ ಸೈಜಿನ ಪಕ್ಕ 88ಎಚ್ ಎಂದೇನಾದರೂ ಬರೆದಿರುತ್ತದೆ. 88 ಎಂದರೆ ಒಂದು ಟೈರು 560 ಕಿಲೋ ಹೊರಬಹುದು ಎಂದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗಿನ ವೇಗ ತಡೆಯಬಲ್ಲದು ಎಂದು ಲೆಕ್ಕ. ಟೈರು ಹೊಸದಿದ್ದು ಗಾಳಿ ಸರಿ ಇದ್ದಾಗಿನ ಮಾತು ಅದು. ಮಾವಿನ ಕಾಲದಲ್ಲಿ ಹಿಂದಿನ ಸೀಟು ಮಡಿಚಿ ಕ್ರೇಟ್ ಮೇಲೆ ಕ್ರೇಟ್ ಹೇರುತ್ತೀರಿ. ಕಬ್ಬಾಳಮ್ಮನ ದರ್ಶನಕ್ಕೆ ಐದು ಜನರ ಕಾರಿನಲ್ಲಿ ಎಂಟು ಜನ ಕೂರುತ್ತೀರಿ. ಪ್ರೀತಿ ಇರಲಿ, ಆದರೆ ಹಿಂದಿನ ಎರಡು ಟೈರು ಆ ಪ್ರೀತಿಯನ್ನು ಹೊರಲಾರವು. ಕಾರು ತುಂಬುವ ದಿನ ಸ್ಟಿಕರಿನಲ್ಲಿ ಹೇಳಿರುವಷ್ಟು ಗಾಳಿ ಏರಿಸಿ, ಅದಕ್ಕೂ ಮೀರಿದ ಭಾರಕ್ಕೆ ಇನ್ನೊಂದು ಗಾಡಿ ಮಾಡಿ. ಎಲೆಕ್ಟ್ರಿಕ್ ಕಾರು ಕೊಂಡವರು ಇನ್ನಷ್ಟು ಎಚ್ಚರವಾಗಿರಿ. ಬ್ಯಾಟರಿಯಿಂದ ಆ ಕಾರಿನ ತೂಕವೇ ಹೆಚ್ಚು, ಆಕ್ಸಿಲರೇಟರ್ ತುಳಿದ ಕೂಡಲೇ ಪೂರ್ತಿ ಎಳೆತ ಸಿಗುವುದರಿಂದ ಟೈರು ಬೇಗ ಸವೆಯುತ್ತದೆ.

ಕೊಳ್ಳುವಾಗ ಅಗ್ಗಕ್ಕೆ ಆಸೆಪಡಬೇಡಿ. ಐದು ಸಾವಿರದಂತೆ ನಾಲ್ಕು ಟೈರಿಗೆ 20,000 ರೂಪಾಯಿ ಕೊಟ್ಟಿರಿ ಎಂದುಕೊಳ್ಳೋಣ. 50,000 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 40 ಪೈಸೆ. ಗಾಳಿ ನೋಡದೆ 30,000ಕ್ಕೇ ಮುಗಿಸಿದರೆ 67 ಪೈಸೆ. ಗೇಜಿಗೆ ಕೊಡುವ ನಾಲ್ಕು ಕಾಸು ಇದರ ಮುಂದೆ ಏನೂ ಅಲ್ಲ. ಗುಜರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಟೈರು, ಗೀರನ್ನು ಬಿಸಿ ಕತ್ತಿಯಲ್ಲಿ ಮತ್ತೆ ಕೊರೆದು ಕಪ್ಪು ಬಳಿದ ಟೈರು ಕಾರಿಗೆ ಬೇಡವೇ ಬೇಡ. ಲಾರಿ ಟೈರಿಗೆ ರೀಸೋಲ್ ಮಾಡುವುದುಂಟು, ಅದನ್ನು ತಡೆಯುವಂತೆಯೇ ಲಾರಿ ಟೈರು ತಯಾರಾಗಿರುತ್ತದೆ. ಕಾರಿಗೆ ಆ ಉಪಾಯ ಹೂಡಬೇಡಿ. ಹಳೆಯ ಟೈರನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಮನೆ ಹಿಂದೆ ಬಿಸಾಡಿದರೆ ಮಳೆನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ, ಸುಟ್ಟರೆ ಊರಿಗೆಲ್ಲ ವಿಷದ ಹೊಗೆ.

ಇಷ್ಟೆಲ್ಲ ಎಚ್ಚರವಿದ್ದೂ ಓಡುವಾಗ ಟೈರು ಸಿಡಿದರೆ ಏನು ಮಾಡಬೇಕು? ಬ್ರೇಕ್ ತುಳಿಯಬೇಡಿ. ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ನೇರ ಹಿಡಿಯಿರಿ, ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ, ಕಾರು ತಾನಾಗಿ ನಿಧಾನವಾಗಲಿ. ವೇಗ ಪೂರ್ತಿ ಇಳಿದ ಮೇಲೆ ಎಡಕ್ಕೆ ತಂದು ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಎಲ್ಲರನ್ನೂ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ಎಕ್ಸ್‌ಪ್ರೆಸ್‌ವೇಯ ಅಂಚಿನಲ್ಲಿ ಕೂತು ನೀವೇ ಸ್ಟೆಪ್ನಿ ಹಾಕುವ ಸಾಹಸ ಬೇಡ. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112. ಇವೆರಡೂ ನಿಮ್ಮ ಫೋನಿನಲ್ಲಿರಲಿ.

ಮಕ್ಕಳೇ, ಟೈರು ಸವೆಯುವುದನ್ನು ಯಾರೂ ತಡೆಯಲಾರರು. ರಸ್ತೆಯನ್ನು ಹಿಡಿದುಕೊಳ್ಳುವ ರಬ್ಬರು ಸವೆಯಲೇಬೇಕು. ಸಮನಾಗಿ, ನಿಧಾನವಾಗಿ, ನಿಮಗೆ ತಿಳಿದು ಸವೆಯುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ತಿಂಗಳಿಗೆ ಎರಡು ಬೆಳಿಗ್ಗೆ, ಹತ್ತತ್ತು ನಿಮಿಷ ಕೊಡಿ: ಗಾಳಿ ನೋಡಿ, ಆಳ ನೋಡಿ, ಒಳಗಡೆಯ ಅಂಚು ನೋಡಿ, ಪಕ್ಕದ ಉಬ್ಬು, ಬಿರುಕು ನೋಡಿ. ನಿಮ್ಮ ತಂಗಿಗೂ ತಮ್ಮನಿಗೂ ಹೆಂಡತಿಗೂ ಅದನ್ನು ಕಲಿಸಿ. ಮುಂದಿನ ಸಲ ಮೈಸೂರಿಗೋ ಬೆಂಗಳೂರಿಗೋ ಹೊರಡುವ ಮುಂಚೆ ಟೈರಿಗೆ ಗೇಜು ಇಡದೆ ಕಾರಿನ ಕೀಲಿ ತಿರುಗಿಸುವುದಿಲ್ಲ ಎಂದು ಇವತ್ತೇ ನಿಶ್ಚಯ ಮಾಡಿ. ಅಂಗಡಿಗೆ ಟೈರು ಎಷ್ಟು ಬೇಕಾದರೂ ಬರುತ್ತದೆ, ನಿಮ್ಮ ಮನೆಗೆ ನೀವು ಒಬ್ಬರೇ.